ದಿನ ತುಂಬುವ ಹೊತ್ತಿಗೆ ಮಗುವಿನ ಮಿಸುಕಾಟ: ಏನು ಗಮನಿಸಬೇಕು, ಯಾವಾಗ ಹೊರಡಬೇಕು

"ಒಂಬತ್ತು ತುಂಬುತ್ತ ಬಂತಲ್ಲ, ಇನ್ನು ಮಗುವಿಗೆ ಒಳಗೆ ಜಾಗ ಎಲ್ಲಿದೆ? ಒದೆಯುವುದು ಕಡಿಮೆಯಾಗುವುದೇ." ಬಸುರಿ ಇರುವ ಮನೆಯಲ್ಲಿ ಈ ಮಾತು ಒಮ್ಮೆಯಾದರೂ ಬಂದೇ ಬರುತ್ತದೆ. ಹೇಳುವವರು ಎರಡು ಮೂರು ಹೆತ್ತವರು, ಹೇಳುವುದೂ ಧೈರ್ಯ ತುಂಬಲಿಕ್ಕೆ. ಆದರೆ ಮಾತು ಸರಿಯಲ್ಲ. ತಿಂಗಳು ತುಂಬಿದ ಹಾಗೆ ಮಿಸುಕಾಟದ ಬಗೆ ಬದಲಾಗುತ್ತದೆ, ಮಿಸುಕಾಟ ಕಡಿಮೆಯಾಗುವುದಿಲ್ಲ. ಆರೋಗ್ಯವಾಗಿರುವ ಮಗು ಹೆರಿಗೆ ನೋವು ಶುರುವಾಗುವ ದಿನದವರೆಗೂ, ನೋವಿನ ನಡುವೆಯೂ ಮಿಸುಕಾಡುತ್ತದೆ.

ಈ ತಪ್ಪು ನಂಬಿಕೆಯಿಂದ ನಷ್ಟವಾಗುವುದು ಸಮಯ. ಹೊಟ್ಟೆಯಲ್ಲೇ ಮಗುವನ್ನು ಕಳೆದುಕೊಂಡ ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅದಕ್ಕೆ ಮೊದಲೇ ಮಿಸುಕಾಟ ಕಡಿಮೆಯಾದದ್ದನ್ನು ಗಮನಿಸಿದ್ದರು ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2011ರ ತನ್ನ ಮಾರ್ಗಸೂಚಿಯಲ್ಲಿ ದಾಖಲಿಸಿದೆ. ಸಮಾಧಾನದ ಲೆಕ್ಕವೂ ಅದರಲ್ಲೇ ಇದೆ. ಒಂದು ಸಲ ಮಿಸುಕಾಟ ಕಡಿಮೆಯಾಯಿತೆಂದು ಬಂದವರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಮುಂದೆ ಯಾವ ತೊಂದರೆಯೂ ಬರುವುದಿಲ್ಲ. ಉಳಿದ 30 ಮಂದಿ ಯಾರು ಎಂದು ಮನೆಯಲ್ಲಿ ಕೂತು ಹೇಳಲಿಕ್ಕೆ ಬರುವುದಿಲ್ಲ, ಅದಕ್ಕೆ ಯಂತ್ರ ಬೇಕು.

ವಾರ, ತಿಂಗಳು, ಮಿಸುಕಾಟ

ಆಸ್ಪತ್ರೆಯವರು ವಾರದಲ್ಲಿ ಮಾತಾಡುತ್ತಾರೆ, ಮನೆಯವರು ತಿಂಗಳಲ್ಲಿ. ವಾರದ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ ಶುರು, 40 ವಾರಕ್ಕೆ ದಿನ ತುಂಬುತ್ತದೆ. ಹಾಗಾಗಿ 20 ವಾರವೆಂದರೆ ನಾಲ್ಕೂವರೆ ತಿಂಗಳು ಕಳೆದಿರುತ್ತದೆ, 28 ವಾರವೆಂದರೆ ಸುಮಾರು ಆರೂವರೆ, 32 ವಾರಕ್ಕೆ ಏಳು ದಾಟಿರುತ್ತದೆ, 37 ವಾರಕ್ಕೆ ಎಂಟೂವರೆ.

ಚೊಚ್ಚಲ ಬಸುರಿಗೆ ಮಗು ಮಿಸುಕಾಡುವುದು ಗೊತ್ತಾಗುವುದು 18ರಿಂದ 20ನೇ ವಾರದ ಹೊತ್ತಿಗೆ. ಒಮ್ಮೆ ಹೆತ್ತವರು ಎರಡು ವಾರ ಮೊದಲೇ ಗುರುತಿಸುತ್ತಾರೆ. ಆಗಿನ ಮಿಸುಕಾಟ ಎಷ್ಟು ನವಿರೆಂದರೆ ಮಗುವೋ ವಾಯುವೋ ಎಂದು ಅನುಮಾನವೇ. 24 ವಾರ ಕಳೆದರೂ ಏನೂ ಗೊತ್ತಾಗದಿದ್ದರೆ ಮುಂದಿನ ಚೆಕಪ್ ತಾರೀಖಿಗೆ ಕಾಯದೆ ತೋರಿಸಬೇಕು. 28 ವಾರದ ಹೊತ್ತಿಗೆ ಮಗುವಿನ ಎಚ್ಚರ, ನಿದ್ದೆಗಳಿಗೆ ಒಂದು ಕ್ರಮ ಬಂದಿರುತ್ತದೆ. ತಾಯಿ ಗಮನಿಸಲಿಕ್ಕೆ ಶುರು ಮಾಡಬೇಕಾದದ್ದು ಆಗಿನಿಂದ. 32 ವಾರದವರೆಗೆ ಮಿಸುಕಾಟ ಹೆಚ್ಚುತ್ತ ಹೋಗುತ್ತದೆ, ಆಮೇಲೆ ಹೆರಿಗೆಯವರೆಗೆ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿರುತ್ತದೆ.

ಹಾಗಾದರೆ ಹಿರಿಯರು ಕಂಡ ಬದಲಾವಣೆ ಯಾವುದು? ಆರು ಏಳು ತಿಂಗಳಲ್ಲಿ ಮಗು ಸಣ್ಣದು, ನೀರು ಬೇಕಾದಷ್ಟು. ಮಗು ಲಾಗ ಹಾಕುತ್ತದೆ, ಒದೆತ ಚುರುಕಾಗಿ ತಾಗುತ್ತದೆ. 36 ವಾರದ ಮಗು ಎರಡೂವರೆ ಕಿಲೋದ ಆಸುಪಾಸು. ಅದು ಲಾಗ ಹಾಕುವುದಿಲ್ಲ, ಹೊರಳುತ್ತದೆ, ತಳ್ಳುತ್ತದೆ, ಮೈ ಮುರಿಯುತ್ತದೆ. ತಲೆ ಕೆಳಗಿದ್ದರೆ ಪಕ್ಕೆಲುಬಿನ ಕೆಳಗೆ ಒಂದು ಬದಿಯಲ್ಲಿ ಹಿಮ್ಮಡಿಯೋ ಮೊಣಕಾಲೋ ಉಬ್ಬಿ ಬಂದು, ಕೈ ಇಟ್ಟರೆ ಜಾರಿಹೋಗುತ್ತದೆ. ಹೊಟ್ಟೆ ಇಡೀ ಒಂದು ಬದಿಗೆ ವಾಲಿ ಮತ್ತೆ ಸರಿಯಾಗುತ್ತದೆ. ಕೈಗಳು ಕೆಳಗಿರುವುದರಿಂದ ಕಿಬ್ಬೊಟ್ಟೆಯಲ್ಲಿ ಸಣ್ಣ ಸಣ್ಣ ತಟ್ಟು. ತಲೆ ಕೆಳಕ್ಕೆ ಇಳಿದ ಮೇಲೆ ಮೂತ್ರಕೋಶದ ಹತ್ತಿರ ಚುಚ್ಚಿದಂತಾಗುವುದೂ ಇದೆ. ಬಲವಾದ ಒದೆತವೆಲ್ಲ ಕೆಳಗೇ ಬೀಳುತ್ತ, ಪಕ್ಕೆಲುಬಿನ ಕೆಳಗೆ ಗಟ್ಟಿ ಉಂಡೆ ಸಿಗುತ್ತಿದ್ದರೆ ಮಗು ಬುಡ ಕೆಳಗಾಗಿ ಕೂತಿರಬಹುದು. 36ನೇ ವಾರದ ಚೆಕಪ್‌ನಲ್ಲಿ ಇದನ್ನು ಹೇಳಬೇಕು. ಒದೆತ ಹೋಗಿ ಹೊರಳಾಟ ಬಂದಾಗ "ಒದೆಯುವುದು ಕಡಿಮೆಯಾಯಿತು" ಅನ್ನಿಸುವುದು ಸಹಜ. ಹೊರಳುವುದೂ ಲೆಕ್ಕಕ್ಕೆ ಬರುವ ಮಿಸುಕಾಟವೇ ಎಂದು ಗೊತ್ತಿದ್ದರೆ ಗೊಂದಲವಿಲ್ಲ.

ಬಿಕ್ಕಳಿಕೆ ಬೇರೆ. ಒಂದೇ ಜಾಗದಲ್ಲಿ, ಒಂದೇ ತಾಳದಲ್ಲಿ, ಕೆಲವು ನಿಮಿಷ ಪುಟಿಯುತ್ತದೆ. ಅಪಾಯವಲ್ಲ, ಆದರೆ ಮಿಸುಕಾಟದ ಲೆಕ್ಕಕ್ಕೆ ಸೇರಿಸಬಾರದು.

ಸ್ಕ್ಯಾನ್ ರಿಪೋರ್ಟಿನಲ್ಲಿ "ಆಂಟೀರಿಯರ್ ಪ್ಲಾಸೆಂಟಾ" ಎಂದು ಬರೆದಿದ್ದರೆ ಮಾಸು ಗರ್ಭಕೋಶದ ಮುಂದಿನ ಗೋಡೆಗೆ ಅಂಟಿದೆ ಎಂದರ್ಥ. ಮಗುವಿಗೂ ತಾಯಿಯ ಹೊಟ್ಟೆಗೂ ನಡುವೆ ಒಂದು ದಪ್ಪ ಪದರ ಇರುವುದರಿಂದ 28 ವಾರದವರೆಗೆ ಒದೆತ ಮಂಕಾಗಿ ತಿಳಿಯುತ್ತದೆ. ಆಮೇಲೆ ಈ ವ್ಯತ್ಯಾಸ ದೊಡ್ಡದಲ್ಲ. ಮೊನ್ನೆಯವರೆಗೆ ಚೆನ್ನಾಗಿ ತಿಳಿಯುತ್ತಿದ್ದದ್ದು ಇವತ್ತು ತಿಳಿಯದಿದ್ದರೆ ಅದಕ್ಕೆ ಮುಂದಿನ ಮಾಸು ಕಾರಣವಾಗಲಾರದು. ಮಾಸು ಜಾಗ ಬದಲಿಸಿಲ್ಲವಲ್ಲ.

ಮಗುವಿನ ನಿದ್ದೆ, ತಾಯಿಯ ಕೆಲಸ

ಹೊಟ್ಟೆಯೊಳಗಿನ ಮಗು ಹಗಲೂ ರಾತ್ರಿ ತುಂಡು ತುಂಡಾಗಿ ನಿದ್ದೆ ಮಾಡುತ್ತದೆ. ಒಂದೊಂದು ತುಂಡು 20ರಿಂದ 40 ನಿಮಿಷ. ಆರೋಗ್ಯವಾಗಿರುವ ಮಗು 90 ನಿಮಿಷಕ್ಕಿಂತ ಹೆಚ್ಚು ಹೊತ್ತು ಅಲುಗಾಡದೆ ಮಲಗುವುದು ಅಪರೂಪ. ಮುಂದೆ ಬರುವ "ಎರಡು ಗಂಟೆ" ಎಂಬ ಮಿತಿಯ ಹಿಂದಿರುವುದು ಈ ಲೆಕ್ಕವೇ: ನಿದ್ದೆಯಾಗಿದ್ದರೆ ಅಷ್ಟರೊಳಗೆ ಮುಗಿಯಬೇಕು. ಮಧ್ಯಾಹ್ನದ ನಂತರ ಮತ್ತು ರಾತ್ರಿ ಮಲಗುವ ಹೊತ್ತಿಗೆ ಮಿಸುಕಾಟ ಹೆಚ್ಚು ಎಂದು ಹೆಚ್ಚಿನ ತಾಯಂದಿರ ಅನುಭವ.

ಆದರೆ ಮಗು ಮಿಸುಕಾಡಿದ್ದೆಲ್ಲ ತಾಯಿಗೆ ತಿಳಿಯುವುದಿಲ್ಲ. ಸ್ಕ್ಯಾನಿನಲ್ಲಿ ಕಂಡ ಚಲನೆಗಳನ್ನೂ ಅದೇ ಹೊತ್ತಿಗೆ ತಾಯಿ ಗುರುತಿಸಿದ್ದನ್ನೂ ತಾಳೆ ನೋಡಿದ ಅಧ್ಯಯನಗಳಲ್ಲಿ ನೂರಕ್ಕೆ 37ರಿಂದ 88ರವರೆಗೆ ಫಲಿತಾಂಶ ಬಂದಿದೆ. ಮಲಗಿದಾಗ ಹೆಚ್ಚು ತಿಳಿಯುತ್ತದೆ, ಕೂತಾಗ ಅದಕ್ಕಿಂತ ಕಡಿಮೆ, ನಿಂತು ಕೆಲಸ ಮಾಡುವಾಗ ಇನ್ನೂ ಕಡಿಮೆ. ಕಾಸರಗೋಡಿನ ಒಳಗಿನ ಊರುಗಳ ಮನೆಕೆಲಸವನ್ನೇ ನೋಡಿ. ಬೆಳಿಗ್ಗೆ ದನದ ಹಟ್ಟಿ, ಒಲೆ, ಬಾವಿಕಟ್ಟೆ. ಹಗಲಿಗೆ ಅಡಿಕೆ ಸುಲಿಯುವುದೋ ಬೀಡಿ ಕಟ್ಟುವುದೋ. ಮಡಿಲಲ್ಲಿ ಮೊರ ಇಟ್ಟುಕೊಂಡು ಬಗ್ಗಿ ಬೀಡಿ ಕಟ್ಟುತ್ತ ಕೂತವಳ ಗಮನ ಎಲೆ, ನೂಲು, ಲೆಕ್ಕದ ಮೇಲಿರುತ್ತದೆ. ಸಂಜೆ ಯಾರಾದರೂ ಕೇಳಿದಾಗ "ಇವತ್ತು ಮಗು ಹಂದಿದ್ದೇ (ಅಲುಗಾಡಿದ್ದೇ) ಗೊತ್ತಿಲ್ಲ" ಎನ್ನುತ್ತಾಳೆ. ಹಂದಿಲ್ಲವೋ, ಹಂದಿದ್ದು ಗೊತ್ತಾಗಿಲ್ಲವೋ? ಕೆಲಸ ಬಿಟ್ಟು ಮಲಗಿ ನೋಡದೆ ತೀರ್ಮಾನಿಸಲಿಕ್ಕಾಗುವುದಿಲ್ಲ. ಹೀಗಾಗಿಯೇ ದಿನಕ್ಕೊಂದು ಹೊತ್ತು ಇದಕ್ಕೆಂದೇ ಮೀಸಲಿಡಬೇಕು ಎನ್ನುವುದು.

ಒಳಗೆ ಏನು ನಡೆಯುತ್ತದೆ

ಮಗುವಿಗೆ ಆಮ್ಲಜನಕ ಬರುವುದು ಮಾಸಿನ ಮೂಲಕ ಮಾತ್ರ. ತಾಯಿಯ ರಕ್ತದೊತ್ತಡ ಏರಿದಾಗ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಾಗ, ಮಾಸು ಸರಿಯಾಗಿ ಬೇರೂರದಿದ್ದಾಗ ಅಥವಾ ದಿನ ಮೀರಿದಾಗ ಪೂರೈಕೆ ಕುಗ್ಗಬಹುದು. ಆಗ ಮಗುವಿನ ದೇಹ ಖರ್ಚು ಕಡಿಮೆ ಮಾಡುತ್ತದೆ. ರಕ್ತವನ್ನು ಮಿದುಳು, ಹೃದಯಗಳ ಕಡೆಗೆ ತಿರುಗಿಸುತ್ತದೆ, ಕೈಕಾಲಿಗೆ, ಕರುಳಿಗೆ, ಮೂತ್ರಪಿಂಡಕ್ಕೆ ಕಡಿತ ಮಾಡುತ್ತದೆ. ಮೂತ್ರ ಕಡಿಮೆಯಾದರೆ ಗರ್ಭದ ನೀರು ಕಡಿಮೆ, ಏಕೆಂದರೆ ಕೊನೆಯ ತಿಂಗಳುಗಳಲ್ಲಿ ಆ ನೀರಿನ ಹೆಚ್ಚಿನ ಪಾಲು ಮಗುವಿನ ಮೂತ್ರವೇ. ಬೆಳವಣಿಗೆ ನಿಧಾನ. ಕೈಕಾಲು ಆಡಿಸುವುದೂ ಖರ್ಚೇ ಆದ್ದರಿಂದ ಅದೂ ಕಡಿಮೆ. ಇದೆಲ್ಲ ಒಂದೇ ದಿನದಲ್ಲಿ ಆಗುವುದಲ್ಲ. ಮಿಸುಕಾಟ ಕುಗ್ಗುವುದಕ್ಕೂ ಎದೆಬಡಿತ ನಿಲ್ಲುವುದಕ್ಕೂ ನಡುವೆ ಹಲವು ಸಲ ಗಂಟೆಗಳ, ಕೆಲವೊಮ್ಮೆ ದಿನಗಳ ಅಂತರ ಸಿಗುತ್ತದೆ. ಆಸ್ಪತ್ರೆಯವರು ಏನಾದರೂ ಮಾಡಬಹುದಾದ ಸಮಯ ಅದು.

ಬೇರೆ ಕಾರಣಗಳೂ ಇವೆ. ಮಾಸು ಹೆರಿಗೆಗೆ ಮೊದಲೇ ಗೋಡೆಯಿಂದ ಬಿಟ್ಟುಕೊಂಡರೆ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಬಿಡದೆ ನೋಯುತ್ತದೆ, ರಕ್ತ ಹೋಗಬಹುದು, ಹೋಗದೆಯೂ ಇರಬಹುದು. ಅದರಲ್ಲಿ ಕಾಯಲು ಗಂಟೆಗಳೂ ಇಲ್ಲ. ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೋರಿ ಮಗುವಿಗೆ ರಕ್ತಹೀನತೆಯಾದಾಗ ಮಿಸುಕಾಟ ಕಡಿಮೆಯಾದದ್ದೊಂದೇ ಹೊರಗೆ ಕಾಣುವ ಲಕ್ಷಣವಾಗಿರಬಹುದು. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಸ್ಪತ್ರೆಗೆ ಹೋದ ಕೂಡಲೇ ಹೇಳಬೇಕು. ಏಳು ತಿಂಗಳ ನಂತರ ಅಂಗೈ ಅಂಗಾಲು ರಾತ್ರಿಯೆಲ್ಲ ತುರಿಸುತ್ತಿದ್ದು ಚರ್ಮದ ಮೇಲೆ ಏನೂ ಕಾಣದಿದ್ದರೆ, ಅದು ಪಿತ್ತರಸ ರಕ್ತದಲ್ಲಿ ಸೇರಿಕೊಳ್ಳುವ ಬಸುರಿನ ಕಾಯಿಲೆ ಇರಬಹುದು. ಎಣ್ಣೆ ಹಚ್ಚಿ ಸುಮ್ಮನಾಗದೆ ರಕ್ತ ಪರೀಕ್ಷೆ ಮಾಡಿಸಬೇಕು.

ಔಷಧಿಯಿಂದಲೂ ಮಗು ಮಂಕಾಗುತ್ತದೆ. ದಿನಕ್ಕೆ ಮೊದಲೇ ಹೆರಿಗೆಯಾಗುವ ಸಂಭವ ಇದ್ದಾಗ ಮಗುವಿನ ಶ್ವಾಸಕೋಶ ಬಲಿಯಲೆಂದು ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನ ನಂತರ ಒಂದೆರಡು ದಿನ ಮಿಸುಕಾಟ ತಗ್ಗಬಹುದು. ನಿದ್ದೆ ಮಾತ್ರೆ, ಬಲವಾದ ನೋವಿನ ಮದ್ದುಗಳಿಂದಲೂ ಹಾಗೆಯೇ. ಮದ್ದಿನಿಂದಲೇ ಹೀಗಾಯಿತು ಎಂದು ನೀವೇ ತೀರ್ಮಾನಿಸಬೇಡಿ, ಅದನ್ನು ಹೇಳಬೇಕಾದವರು ಪರೀಕ್ಷೆ ಮಾಡಿದವರು.

ಎಣಿಸುವುದೋ, ಗಮನಿಸುವುದೋ

ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಎರಡು ಮೂರು ಬಗೆಯ ಲೆಕ್ಕ ಹೇಳಿಕೊಡುತ್ತಾರೆ. ಒಬ್ಬ ಡಾಕ್ಟರ್ ಹೇಳಿದ್ದು ಇನ್ನೊಬ್ಬರು ಹೇಳಿದ್ದಕ್ಕೆ ಹೊಂದುವುದಿಲ್ಲವೆಂದು ಗಾಬರಿಯಾಗುವವರಿದ್ದಾರೆ.

ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವುದು ದಿನಕ್ಕೆ ಮೂರು ಹೊತ್ತಿನ ಲೆಕ್ಕ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಗಂಟೆ ಎಡ ಮಗ್ಗುಲಾಗಿ ಮಲಗಿ ಎಣಿಸುವುದು. ಊಟದ ನಂತರ ಎಂದು ಹೇಳುವುದು ಹೊತ್ತು ನೆನಪಿರಲಿ ಎಂದು. ಗಂಟೆಗೆ ಮೂರಕ್ಕಿಂತ ಕಡಿಮೆಯಾದರೆ ಎಚ್ಚರಿಕೆ. ಮೂರೂ ಗಂಟೆಯದ್ದನ್ನು ಕೂಡಿ ನಾಲ್ಕರಿಂದ ಗುಣಿಸಿದರೆ 12 ಗಂಟೆಯ ಲೆಕ್ಕ ಸಿಗುತ್ತದೆ, ಅದು ಹತ್ತಕ್ಕಿಂತ ಕೆಳಗೆ ಬರಬಾರದು. ಎರಡನೆಯದ್ದು ಬೆಳಿಗ್ಗೆಯಿಂದ ಎಣಿಸುತ್ತ ಹೋಗಿ 12 ಗಂಟೆಯಲ್ಲಿ ಹತ್ತು ಆಯಿತೇ ಎಂದು ನೋಡುವುದು. ಇದು 1970ರ ದಶಕದಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಹುಟ್ಟಿದ ಪದ್ಧತಿ. ಮೂರನೆಯದ್ದು ಎರಡು ಗಂಟೆಯಲ್ಲಿ ಹತ್ತು.

ಕಾರ್ಡಿಫ್ ಲೆಕ್ಕವನ್ನು ಬಿಟ್ಟುಬಿಡುವುದೇ ಒಳ್ಳೆಯದು. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದವಳಿಗೆ ಹತ್ತು ಆಗಲಿಲ್ಲವೆಂದು ಗೊತ್ತಾಗುವುದು ರಾತ್ರಿ ಎಂಟಕ್ಕೆ. ದೇಲಂಪಾಡಿಯಲ್ಲೋ ಎಣ್ಮಕಜೆಯ ಗುಡ್ಡದ ಬದಿಯಲ್ಲೋ ಮನೆಯಿದ್ದರೆ ಆ ಹೊತ್ತಿಗೆ ಕೊನೆಯ ಬಸ್ಸೂ ಹೋಗಿರುತ್ತದೆ.

ಎಣಿಸುವುದಾದರೆ ಹೀಗೆ ಎಣಿಸಿ. ಮಗು ಸಾಮಾನ್ಯವಾಗಿ ಎಚ್ಚರವಿರುವ ಒಂದು ಹೊತ್ತನ್ನು ಆರಿಸಿಕೊಳ್ಳಿ, ಹೆಚ್ಚಿನವರಿಗೆ ರಾತ್ರಿ ಊಟದ ನಂತರ. ಮೂತ್ರಕ್ಕೆ ಹೋಗಿ ಬಂದು, ಫೋನು ಟಿವಿ ಬದಿಗಿಟ್ಟು, ಮಗ್ಗುಲಾಗಿ ಮಲಗಿ, ಹೊಟ್ಟೆಯ ಮೇಲೆ ಕೈ ಇಡಿ. ಗಡಿಯಾರ ನೋಡಿ ಸಮಯ ಬರೆಯಿರಿ. ಒದೆತ, ತಳ್ಳು, ಹೊರಳು, ಯಾವುದಾದರೂ ಒಂದು. ಎಡೆಬಿಡದೆ ನಾಲ್ಕು ಸಲ ಒದ್ದು ನಿಂತರೆ ಅದು ಒಂದೇ, ನಡುವೆ ಬಿಡುವು ಕೊಟ್ಟು ಮತ್ತೆ ಒದ್ದರೆ ಎರಡನೆಯದ್ದು. ಬಿಕ್ಕಳಿಕೆ ಬೇಡ, ಹೊಟ್ಟೆ ಗಟ್ಟಿಯಾಗಿ ಸಡಿಲಾಗುವುದೂ ಬೇಡ, ಅದು ಗರ್ಭಕೋಶದ್ದು. ಹತ್ತು ಆದಾಗ ಮತ್ತೆ ಸಮಯ ನೋಡಿ, ಎಷ್ಟು ನಿಮಿಷವಾಯಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲೇ ಬರೆಯಿರಿ. 1989ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಹತ್ತು ಮಿಸುಕಾಟಕ್ಕೆ ಸರಾಸರಿ 21 ನಿಮಿಷ ಸಾಕಾಗಿತ್ತು. ಒಂದು ವಾರದ ಚೌಕಗಳಲ್ಲಿ 15, 22, 18, 25, 20 ಎಂದು ಬಂದು ಆರನೇ ದಿನ 80 ಬಂತು ಅನ್ನಿ. ಎರಡು ಗಂಟೆಯೊಳಗೆ ಹತ್ತು ಆಗಿದೆ, ಪುಸ್ತಕದ ಲೆಕ್ಕದಲ್ಲಿ ಸರಿಯೇ. ಆದರೆ ಈ ಮಗುವಿನ ಲೆಕ್ಕದಲ್ಲಿ ಸರಿಯಿಲ್ಲ. ಆಸ್ಪತ್ರೆಗೆ ಫೋನ್ ಮಾಡಲು ಅಷ್ಟು ಸಾಕು.

ಎಲ್ಲ ಬಸುರಿಯರಿಗೂ ಎಣಿಕೆಯ ಚೀಟಿ ಕೊಟ್ಟರೆ ಮಕ್ಕಳು ಹೆಚ್ಚು ಉಳಿಯುತ್ತಾರೆಯೇ ಎಂದು ದೊಡ್ಡದಾಗಿಯೇ ಪರೀಕ್ಷಿಸಿದ್ದಾರೆ. 1989ರಲ್ಲಿ ಪ್ರಕಟವಾದ, ಸುಮಾರು 68,000 ತಾಯಂದಿರ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. 2018ರಲ್ಲಿ ಪ್ರಕಟವಾದ, ಬ್ರಿಟನ್ ಮತ್ತು ಐರ್ಲೆಂಡಿನ 33 ಆಸ್ಪತ್ರೆಗಳ ಅಫರ್ಮ್ ಅಧ್ಯಯನದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಬಸುರುಗಳಿದ್ದವು. ಅಲ್ಲಿ ತಾಯಂದಿರಿಗೆ ತಿಳಿವಳಿಕೆ ಕೊಟ್ಟು, ಬಂದವರನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿದರು. ಹೊಟ್ಟೆಯಲ್ಲೇ ಸಾಯುವ ಮಕ್ಕಳ ಸಂಖ್ಯೆಯಲ್ಲಿ ಖಚಿತವಾದ ಇಳಿಕೆ ಸಿಗಲಿಲ್ಲ, ನೋವು ಬರಿಸಿ ಮಾಡಿಸುವ ಹೆರಿಗೆ ಮತ್ತು ಸಿಸೇರಿಯನ್ ಮಾತ್ರ ಹೆಚ್ಚಾದವು. ಇದನ್ನು ಓದಿ ಮಿಸುಕಾಟ ಗಮನಿಸುವುದೇ ದಂಡ ಎಂದುಕೊಳ್ಳುವುದು ತಪ್ಪು. ಈ ಅಧ್ಯಯನಗಳಿಂದ ಕಲಿಯಬೇಕಾದದ್ದು ಇಷ್ಟು: ಎಲ್ಲ ತಾಯಂದಿರಿಗೂ ಒಂದೇ ಸಂಖ್ಯೆ ಕೊಟ್ಟು ಕಾವಲು ಕಾಯಿಸಿದರೆ ಪ್ರಯೋಜನ ಕಡಿಮೆ. ದಿನಕ್ಕೆ 40 ಸಲ ಒದೆಯುವ ಮಗು 12ಕ್ಕೆ ಇಳಿದರೂ "ಹತ್ತರ ಮೇಲೆ ಇದೆಯಲ್ಲ" ಎಂದು ಸುಮ್ಮನಿರುವಂತೆ ಮಾಡುವುದು ಅದೇ ಸಂಖ್ಯೆ.

ಸ್ವೀಡನ್ನಿನಲ್ಲಿ ಎಣಿಸದೆಯೇ ಗಮನಿಸುವ ಕ್ರಮವೊಂದನ್ನು ಬಳಸಿ ನೋಡಿದ್ದಾರೆ. 28 ವಾರದಿಂದ ದಿನಕ್ಕೆ 15 ನಿಮಿಷ, ಮಗು ಎಚ್ಚರವಿರುವಾಗ, ಎಡ ಮಗ್ಗುಲಾಗಿ ಮಲಗಿ ಮೂರು ವಿಷಯ ನೋಡುವುದು: ಮಿಸುಕಾಟ ಯಾವ ಬಗೆಯದು, ಎಷ್ಟು ಬಲವಾಗಿದೆ, ಎಷ್ಟು ಸಲ. ಮರುದಿನ ನಿನ್ನೆಯಂತಿದೆಯೇ ಎಂದು ಹೋಲಿಸುವುದು. ಸ್ಟಾಕ್‌ಹೋಮ್‌ನ ದೊಡ್ಡ ಅಧ್ಯಯನದಲ್ಲಿ ಈ ಕ್ರಮ ಕಲಿತವರ ಗುಂಪಿನಲ್ಲಿ ಸಿಸೇರಿಯನ್ ಹೆಚ್ಚಾಗಲಿಲ್ಲ, ಬದಲಿಗೆ ಸ್ವಲ್ಪ ಕಡಿಮೆಯಾಯಿತು. ಮನೆಕೆಲಸದ ನಡುವೆ ದಿನಕ್ಕೆ ಮೂರು ಗಂಟೆ ಮಲಗಿ ಎಣಿಸು ಎನ್ನುವುದಕ್ಕಿಂತ 15 ನಿಮಿಷ ಎನ್ನುವುದು ನಡೆಯುವ ಮಾತು. ಆದರೆ ಬಿಪಿ, ಸಕ್ಕರೆ, ಬೆಳವಣಿಗೆ ಕಡಿಮೆ ಎಂಬ ಕಾರಣಕ್ಕೆ ಡಾಕ್ಟರು ಎಣಿಸಲು ಹೇಳಿದ್ದರೆ ಅವರು ಹೇಳಿದ ಕ್ರಮವನ್ನೇ ಪಾಲಿಸಬೇಕು.

ಹಾದಿ ತಪ್ಪಿಸುವ ಸಮಾಧಾನಗಳು

ಬೊಂಡದ ನೀರು ಕುಡಿ, ಸಕ್ಕರೆ ನೀರು ಕುಡಿ, ತಣ್ಣಗಿನ ಜ್ಯೂಸ್ ಕುಡಿ, ಮಗು ಏಳುತ್ತದೆ ಎನ್ನುತ್ತಾರೆ. ಬಾಯಾರಿದ್ದರೆ ಕುಡಿಯಿರಿ, ತಪ್ಪೇನಿಲ್ಲ. ಆದರೆ ಸಿಹಿಯಿಂದ ಮಗುವಿನ ಮಿಸುಕಾಟ ಹೆಚ್ಚುತ್ತದೆ ಎನ್ನಲು ಭದ್ರವಾದ ಆಧಾರವಿಲ್ಲ. ಬೊಂಡ ಕೆತ್ತಿಸಿ ಕುಡಿದು ಅರ್ಧ ಗಂಟೆ, ಊಟ ಮಾಡಿ ಇನ್ನೊಂದು ಗಂಟೆ, ಮಲಗಿ ಎದ್ದು ನೋಡುವ ಎಂದು ಒಂದು ರಾತ್ರಿ, ತಡವಾಗುವುದು ಹೀಗೆಯೇ. ಏಕಾದಶಿಯೋ ರಂಜಾನಿನ ನೋಂಬೋ ಇರುವ ದಿನ "ಹೊಟ್ಟೆ ಖಾಲಿ, ಅದಕ್ಕೇ" ಎಂದು ಸಂಜೆಯವರೆಗೆ ಕಾಯುವುದೂ ಇದೇ ಜಾತಿಯದ್ದು.

ಮಗುವಿನ ಎದೆಬಡಿತ ಕೇಳಲೆಂದು ಮನೆಯಲ್ಲಿಟ್ಟುಕೊಳ್ಳುವ ಡಾಪ್ಲರ್ ಯಂತ್ರ ಆನ್‌ಲೈನ್‌ನಲ್ಲಿ ಸಿಗುತ್ತದೆ, ಕೊಳ್ಳಬೇಡಿ. ಅದರಲ್ಲಿ ಕೇಳುವ ಸದ್ದು ತಾಯಿಯ ರಕ್ತನಾಳದ್ದೂ ಆಗಿರಬಹುದು, ಮಾಸಿನದ್ದೂ ಆಗಿರಬಹುದು. ನಿಜವಾಗಿ ಮಗುವಿನ ಎದೆಬಡಿತವೇ ಆಗಿದ್ದರೂ ಅದರಿಂದ ತಿಳಿಯುವುದು ಮಗು ಜೀವಂತ ಇದೆ ಎಂದು ಮಾತ್ರ, ಸುಖವಾಗಿದೆ ಎಂದಲ್ಲ. ಎದೆಬಡಿತ ಕೊನೆಯವರೆಗೂ ಕೇಳುತ್ತದೆ. ಉಪಕೇಂದ್ರದ ಸಿಸ್ಟರ್ ಡಾಪ್ಲರ್ ಇಟ್ಟು "ಬಡಿತ ಸರಿ ಇದೆ" ಎಂದಾಗಲೂ ಮಿಸುಕಾಟ ಕಡಿಮೆಯೇ ಇದ್ದರೆ ಅಲ್ಲಿಗೆ ನಿಲ್ಲಿಸದೆ ಎನ್‌ಎಸ್‌ಟಿ (ಮಗುವಿನ ಎದೆಬಡಿತದ ಏರಿಳಿತವನ್ನು ಕಾಗದದ ಮೇಲೆ ದಾಖಲಿಸುವ ಪರೀಕ್ಷೆ) ಇರುವ ಆಸ್ಪತ್ರೆಗೆ ಹೋಗಬೇಕು.

"ಮೊನ್ನೆಯ ಸ್ಕ್ಯಾನ್ ಸರಿ ಇತ್ತು" ಎನ್ನುವುದು ಮೊನ್ನೆಯ ಸ್ಥಿತಿ. ಇನ್ನು, ಮಿಸುಕಾಟ ಹೆಚ್ಚಾದರೆ? ತಿಂಗಳು ತುಂಬಿದ ಹಾಗೆ ಬಲವಾಗಿ ಮಿಸುಕಾಡುವುದು ಒಳ್ಳೆಯ ಲಕ್ಷಣವೇ. ಆದರೆ ಎಂದೂ ಇಲ್ಲದಂತೆ ಒಮ್ಮೆಲೇ ಹುಚ್ಚು ಹಿಡಿದಂತೆ ಒದ್ದಾಡಿ ಆಮೇಲೆ ತಣ್ಣಗಾದರೆ ಅದನ್ನೂ ತೋರಿಸಬೇಕು.

28 ವಾರದ ನಂತರ ಮಲಗುವಾಗ ಮಗ್ಗುಲಾಗಿ ಮಲಗಿ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ತಾಯಿಯ ದೊಡ್ಡ ರಕ್ತನಾಳಗಳ ಮೇಲೆ ಬಿದ್ದು ಮಾಸಿಗೆ ಹೋಗುವ ರಕ್ತ ತಗ್ಗುತ್ತದೆ. ಎಡವೇ ಆಗಬೇಕೆಂದಿಲ್ಲ, ಬಲವೂ ಆಗುತ್ತದೆ. ನಿದ್ದೆಯಲ್ಲಿ ಹೊರಳಿ ಅಂಗಾತ ಆಗಿದ್ದರೆ ಎಚ್ಚರವಾದಾಗ ಮತ್ತೆ ಮಗ್ಗುಲಾದರೆ ಸಾಕು.

ಹೊರಡುವ ಹೊತ್ತು

28 ವಾರ ದಾಟಿದವರಿಗೆ ನಿಯಮ ಸರಳ. ಮಿಸುಕಾಟ ನಿಂತಿದೆ ಅಥವಾ ಸ್ಪಷ್ಟವಾಗಿ ಕಡಿಮೆಯಾಗಿದೆ ಎಂದು ಅನ್ನಿಸಿದರೆ ಕೂಡಲೇ ಹೊರಡಿ, ಎಣಿಸುತ್ತ ಕೂರಬೇಡಿ. ಕೆಲಸದ ಗಡಿಬಿಡಿಯಲ್ಲಿ ಗೊತ್ತಾಗಲಿಲ್ಲವೋ ಎಂಬ ಅನುಮಾನವಷ್ಟೇ ಆಗಿದ್ದರೆ ಮಗ್ಗುಲಾಗಿ ಮಲಗಿ ಗಮನಿಸಿ, ಎರಡು ಗಂಟೆಯಲ್ಲಿ ಹತ್ತು ಆಗದಿದ್ದರೆ ಹೊರಡಿ. ಮನೆ ದೂರವಿದ್ದರೆ, ಮಳೆಗಾಲದ ರಾತ್ರಿಯಾಗಿದ್ದರೆ ಎರಡು ಗಂಟೆಯನ್ನೂ ಪೂರ್ತಿ ಮಾಡುವುದು ಬೇಡ. ರಕ್ತ ಹೋಗುವುದು, ನೀರು ಒಡೆಯುವುದು, ಬಿಡದ ಹೊಟ್ಟೆನೋವು, ಕಣ್ಣು ಮಂಜಾಗುವಂಥ ತಲೆನೋವು ಜತೆಗಿದ್ದರೆ ಗಮನಿಸುವ ಪ್ರಶ್ನೆಯೇ ಇಲ್ಲ.

ಎಲ್ಲಿಗೆ ಎಂಬುದನ್ನು ಏಳನೇ ತಿಂಗಳಲ್ಲೇ ತೀರ್ಮಾನಿಸಿಡಬೇಕು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವರಿಗೆ ಇದು ಇನ್ನೂ ಮುಖ್ಯ, ತೋರಿಸುತ್ತಿದ್ದ ಆಸ್ಪತ್ರೆ ಒಂದೂರಲ್ಲಿ, ಈಗ ಇರುವುದು ಇನ್ನೊಂದೂರಲ್ಲಿ. ಕೇಳಿಟ್ಟುಕೊಳ್ಳಬೇಕಾದದ್ದು ಮೂರು: ರಾತ್ರಿಯೂ ಪ್ರಸೂತಿ ಡಾಕ್ಟರ್ ಇರುತ್ತಾರೆಯೇ, ಎನ್‌ಎಸ್‌ಟಿ ಯಂತ್ರ ಇದೆಯೇ, ಬೇಕಾದರೆ ಆ ರಾತ್ರಿಯೇ ಸಿಸೇರಿಯನ್ ಆಗುತ್ತದೆಯೇ. ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಸರಕಾರಿ ಆಸ್ಪತ್ರೆಗಳು, ಗಡಿಯಾಚೆ ಮಂಗಳೂರಿನ ಲೇಡಿಗೋಶನ್, ಸುಳ್ಯ ಪುತ್ತೂರಿನ ಆಸ್ಪತ್ರೆಗಳು, ಯಾವುದಾದರೂ ಸರಿ, ಈ ಮೂರು ಪ್ರಶ್ನೆ ಮೊದಲೇ ಕೇಳಿರಬೇಕು. ಮಂಜೇಶ್ವರದ ಕಡೆಯವರಿಗೆ ಮಂಗಳೂರೇ ಹತ್ತಿರ. ಆದರೂ ಗಡಿಯ ಈಚೆಗೆ ಒಂದು ಆಸ್ಪತ್ರೆಯ ಹೆಸರು ಬರೆದಿಟ್ಟುಕೊಳ್ಳಿ. 2020ರ ಲಾಕ್‌ಡೌನ್‌ನಲ್ಲಿ ಗಡಿಯ ತಲಪಾಡಿ ಚೆಕ್‌ಪೋಸ್ಟ್ ಮುಚ್ಚಿದಾಗ ರೋಗಿಗಳನ್ನು ಬಿಡಿಸಲು ಕೇರಳ ಹೈಕೋರ್ಟಿನವರೆಗೆ ಹೋಗಬೇಕಾಯಿತು.

108ಕ್ಕೆ ಕರೆ ಮಾಡುವುದಾದರೆ ಫೋನ್ ಎತ್ತಿದವರಿಗೆ ಮೊದಲು ರಾಜ್ಯ, ಪಂಚಾಯತ್, ಹತ್ತಿರದ ಶಾಲೆಯೋ ಮಸೀದಿಯೋ ದೇವಸ್ಥಾನವೋ ಒಂದು ಗುರುತು ಹೇಳಿ. ಲೇಬರ್ ರೂಮಿನ ಸಿಸ್ಟರ್‌ಗೆ ಕನ್ನಡ ಬಾರದಿದ್ದರೆ ಮಲಯಾಳದಲ್ಲಿ "ಕುಞ್ಞಿನ್ ಅನಕ್ಕಂ ಕುರವಾಣ್" (ಮಗುವಿನ ಮಿಸುಕಾಟ ಕಡಿಮೆಯಾಗಿದೆ) ಎಂದರೆ ಸಾಕು, ಕೂಡಲೇ ಎಷ್ಟು ತಿಂಗಳು, ಯಾವಾಗಿನಿಂದ ಎಂದು ಕೇಳುತ್ತಾರೆ. ಹೊಟ್ಟೆ ಸರಿ ಇಲ್ಲ, ಏನೋ ಒಂಥರಾ ಆಗುತ್ತಿದೆ ಎಂದು ಸುತ್ತಿ ಬಳಸಿ ಹೇಳಿದರೆ ಓಪಿ ಸಾಲಿನಲ್ಲಿ ಕೂರಿಸಿಬಿಡಬಹುದು. ಕೊನೆಯ ಸಲ ಸರಿಯಾಗಿ ಮಿಸುಕಾಡಿದ್ದು ಎಷ್ಟು ಗಂಟೆಗೆ ಎಂಬುದನ್ನು ನೆನಪಿಟ್ಟುಕೊಳ್ಳಿ. ತಾಯಿ ಕಾರ್ಡು, ಸ್ಕ್ಯಾನ್ ರಿಪೋರ್ಟುಗಳು, ತಿನ್ನುತ್ತಿರುವ ಮಾತ್ರೆಯ ಪಟ್ಟಿ ಒಂದೇ ಚೀಲದಲ್ಲಿರಲಿ.

ಆಸ್ಪತ್ರೆಯಲ್ಲಿ

ಮೊದಲು ಡಾಪ್ಲರಿನಿಂದ ಎದೆಬಡಿತ ಕೇಳುತ್ತಾರೆ, ಬಿಪಿ ನೋಡುತ್ತಾರೆ, ಮೂತ್ರದಲ್ಲಿ ಪ್ರೊಟೀನ್ ಇದೆಯೇ ಎಂದು ಪರೀಕ್ಷಿಸುತ್ತಾರೆ. ಟೇಪಿನಿಂದ ಗರ್ಭಕೋಶದ ಎತ್ತರ ಅಳೆಯುತ್ತಾರೆ. 24ರಿಂದ 36 ವಾರದವರೆಗೆ ಸೆಂಟಿಮೀಟರಿನ ಲೆಕ್ಕ ಹೆಚ್ಚುಕಡಿಮೆ ವಾರದ ಲೆಕ್ಕಕ್ಕೆ ಸಮ, 34 ವಾರಕ್ಕೆ 30 ಸೆಂಟಿಮೀಟರ್ ಬಂದರೆ ಬೆಳವಣಿಗೆಯ ಬಗ್ಗೆ ಅನುಮಾನ ಬರುತ್ತದೆ.

ಆಮೇಲೆ ಎನ್‌ಎಸ್‌ಟಿ. ಹೊಟ್ಟೆಗೆ ಎರಡು ಬೆಲ್ಟು ಕಟ್ಟುತ್ತಾರೆ. ಒಂದು ಮಗುವಿನ ಎದೆಬಡಿತಕ್ಕೆ, ಇನ್ನೊಂದು ಗರ್ಭಕೋಶ ಬಿಗಿಯುವುದಕ್ಕೆ. ಕೈಗೆ ಒಂದು ಬಟನ್ ಕೊಟ್ಟು ಮಿಸುಕಾಡಿದಾಗ ಒತ್ತಲು ಹೇಳುತ್ತಾರೆ. ನೋವಿಲ್ಲ, ಚುಚ್ಚುವುದಿಲ್ಲ. ಕಾಗದದ ಮೇಲೆ ಗೆರೆ ಬರುತ್ತದೆ. ಎದೆಬಡಿತ ನಿಮಿಷಕ್ಕೆ 110ರಿಂದ 160ರ ನಡುವೆ ಇರಬೇಕು, ಗೆರೆ ನೇರವಾಗಿರದೆ ಏರಿಳಿಯುತ್ತಿರಬೇಕು. 32 ವಾರ ಕಳೆದ ಮಗುವಾದರೆ 20 ನಿಮಿಷದಲ್ಲಿ ಎರಡು ಸಲವಾದರೂ ಬಡಿತ 15ರಷ್ಟು ಮೇಲೇರಿ 15 ಸೆಕೆಂಡ್ ನಿಲ್ಲಬೇಕು. ಹಾಗೆ ಬಂದರೆ ಆ ಹೊತ್ತಿಗೆ ಮಗುವಿಗೆ ಆಮ್ಲಜನಕ ಸರಿಯಾಗಿ ಸಿಗುತ್ತಿದೆ ಎಂದರ್ಥ. 20 ನಿಮಿಷದಲ್ಲಿ ಬರದಿದ್ದರೆ ಗಾಬರಿ ಬೇಡ, ಮಗು ನಿದ್ದೆಯಲ್ಲಿರಬಹುದು. 40 ನಿಮಿಷಕ್ಕೆ ಮುಂದುವರಿಸುತ್ತಾರೆ.

ಅದರಲ್ಲೂ ಸಂಶಯ ಉಳಿದರೆ, ಅಥವಾ ಬಿಪಿ, ಸಕ್ಕರೆ, ಸಣ್ಣ ಮಗು ಎಂಬ ಕಾರಣಗಳಿದ್ದರೆ ಸ್ಕ್ಯಾನ್. ಅದರಲ್ಲಿ ಬೆಳವಣಿಗೆ, ಗರ್ಭದ ನೀರು, ಹೊಕ್ಕುಳಬಳ್ಳಿಯ ರಕ್ತದ ಹರಿವು ನೋಡುತ್ತಾರೆ. ರಿಪೋರ್ಟಿನಲ್ಲಿ ಎಎಫ್‌ಐ ಎಂದು ಬರೆಯುವುದು ನೀರಿನ ಲೆಕ್ಕ, 5 ಸೆಂಟಿಮೀಟರಿಗಿಂತ ಕೆಳಗೆ ಬಂದರೆ ಕಡಿಮೆ. ಬಯೊಫಿಸಿಕಲ್ ಪ್ರೊಫೈಲ್ ಎಂಬ ಪರೀಕ್ಷೆಯಲ್ಲಿ ಎನ್‌ಎಸ್‌ಟಿ, ಮಿಸುಕಾಟ, ಕೈಕಾಲು ಮಡಚಿ ಬಿಡಿಸುವ ಬಿಗಿ, ಉಸಿರಾಟದ ಚಲನೆ, ನೀರು ಎಂಬ ಐದಕ್ಕೆ ತಲಾ 2 ಅಂಕ. ನೀರು ಸರಿಯಿದ್ದು ಹತ್ತಕ್ಕೆ ಎಂಟು ಬಂದರೆ ಸಾಮಾನ್ಯವಾಗಿ ಧೈರ್ಯವಾಗಿರಬಹುದು.

ಎಲ್ಲ ಸರಿ ಎಂದು ಮನೆಗೆ ಕಳಿಸಿದ ಮೇಲೆ ಮತ್ತೆ ಕಡಿಮೆಯಾದರೆ? ಎರಡನೇ ಸಲ ಹೋಗಲು ನಾಚಿಕೆ, "ನಿನ್ನೆ ತಾನೇ ಬಂದಿದ್ದಿರಲ್ಲ" ಎನ್ನುತ್ತಾರೇನೋ ಎಂಬ ಅಳುಕು, ಆಟೋದ ಬಾಡಿಗೆಯ ಲೆಕ್ಕ. ಆದರೂ ಹೋಗಬೇಕು. ಪದೇ ಪದೇ ಕಡಿಮೆಯಾಗುವ ಬಸುರಿನಲ್ಲಿ ಅಪಾಯ ಹೆಚ್ಚು, ಹಾಗಾಗಿ ಎರಡನೇ ಭೇಟಿಯಲ್ಲಿ ಮೊದಲ ಸಲ ಮಾಡದ ಸ್ಕ್ಯಾನನ್ನೂ ಮಾಡಬೇಕಾಗುತ್ತದೆ. ಅವರಾಗಿ ಹೇಳದಿದ್ದರೆ ನೀವೇ ಕೇಳಿ. ದಿನ ತುಂಬಿದ್ದರೆ ನೋವು ಬರಿಸಿ ಹೆರಿಗೆ ಮಾಡಿಸುವ ವಿಚಾರ ಬರುತ್ತದೆ. 37 ವಾರಕ್ಕೆ ಮೊದಲು ಪರೀಕ್ಷೆಗಳೆಲ್ಲ ಸರಿಯಿದ್ದರೆ ಸಾಮಾನ್ಯವಾಗಿ ಕಾಯುತ್ತಾರೆ, ಏಕೆಂದರೆ ಬೇಗ ಹುಟ್ಟುವುದರಲ್ಲೂ ಮಗುವಿಗೆ ಕಷ್ಟಗಳಿವೆ. 39 ವಾರ ದಾಟಿದ್ದರೆ ಕಾಯುವುದರಿಂದ ಮಗುವಿಗೆ ಸಿಗುವ ಲಾಭ ಕಡಿಮೆ, ಹೆರಿಗೆ ಮಾಡಿಸೋಣ ಎಂದು ಡಾಕ್ಟರು ಹೇಳುವ ಸಾಧ್ಯತೆಯೇ ಹೆಚ್ಚು. ನಡುವಿನ ಎರಡು ವಾರದ ತೀರ್ಮಾನಕ್ಕೆ ಬಿಪಿ, ಸಕ್ಕರೆ, ಮಗುವಿನ ತೂಕ, ನೀರು ಎಲ್ಲವೂ ಬೇಕು. ಕ್ಯಾಲೆಂಡರಿನ ಚೌಕಗಳಲ್ಲಿ ಬರೆದ ನಿಮಿಷಗಳಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ.